ಯಾವಾಗಿನಿಂದ? ಎಂಥದು? ಏನು ತಿಂದಿರಿ?

22 ಅಕ್ಟೋಬರ್ 1956, ಸೋಮವಾರ. ಔರಾದ

ಬೆಳಗಿನಿಂದ ಬರೀ ಹೊಟ್ಟೆ. ಈ ದವಾಖಾನೆಗೆ ಡಾಕ್ಟರಾಗಿ ಬಂದಾಗಿನಿಂದ ಕೈ ಮುರಿದವರು, ಕಣ್ಣು ಬಂದವರು ಅಪರೂಪ. ಎಲ್ಲರದೂ ಒಂದೇ ಮಾತು: ಹೊಟ್ಟಿ ಹರಿಲಾಕತ್ತದರಿ. ಕಂಪೌಂಡರ್ ಅಬ್ದುಲ ಗಫೂರ ಸಾಹೇಬರಿಗೆ ಅಷ್ಟು ಸಾಕು. ನಾನು ಚೀಟಿ ಬರೆಯುವ ಮೊದಲೇ ಚಾಕ್ ಮಿಕ್ಸ್ಚರ್ ಬಾಟಲಿ ಕುಲುಕಲು ಶುರು.

"ಸಬ್ ಕಾ ಪೇಟ್ ಏಕ್ ಹೀ ಅದ ಬಾಯಿಸಾಬ. ದವಾನೂ ಒಂದೇ ಇರ್ಲಿ ಬಿಡ್ರಿ" ಅಂದರು.

ಮೈಯೆಲ್ಲ ಉರಿಯಿತು. ಒಂದೇ ಹೊಟ್ಟೆಯಂತೆ! ನನಗೆ ಮೂರು ಉತ್ತರ ಬೇಕು. ಯಾವಾಗಿನಿಂದ? ಎಂಥದು? ಏನು ತಿಂದಿರಿ? ಎರಡನೆಯದಕ್ಕೆ ಹೆಂಗಸರು ಸೆರಗು ಬಾಯಿಗೆ ಹಿಡಿಯುತ್ತಾರೆ, ಗಂಡಸರು ಗೋಡೆ ನೋಡುತ್ತಾರೆ. ಊರಲ್ಲಿ ನನಗೆ 'ಕೆದಕಿ ಕೇಳೋ ಡಾಕ್ಟರಬಾಯಿ' ಅಂತ ಹೆಸರಿಟ್ಟಿದ್ದಾರಂತೆ. ಇಡಲಿ.

ಇವತ್ತು ಒಬ್ಬ ರೈತ ಬಂದಿದ್ದ. ಸ್ವಲ್ಪ ಸ್ವಲ್ಪ, ಪದೇ ಪದೇ, ಲೋಳೆ, ರಕ್ತ, ಹಿಂಡಿದಂಥ ನೋವು. ಆಮಶಂಕೆ. ಇದರಲ್ಲಿ ಯೋಚಿಸುವುದೇನಿಲ್ಲ. ಆಮೇಲೆ ತಹಸೀಲ ಕಚೇರಿಯ ಗುಮಾಸ್ತ ಕುತುಬೋದ್ದೀನ. ನೀರಿನ ಹಾಗೆ, ಬೆಳಗ್ಗೆ ಮಾತ್ರ. ಜ್ವರ ಇಲ್ಲ, ರಕ್ತ ಇಲ್ಲ. ಮನೆಯವರೆಲ್ಲ ಅದೇ ಊಟ ಉಂಡು ಗಟ್ಟಿಯಾಗಿದ್ದಾರೆ. ಏನಿದು? ಗೊತ್ತಾಗಲಿಲ್ಲ. ಗೊತ್ತಾಗದಿದ್ದರೆ ನನಗೆ ಊಟ ಸೇರುವುದಿಲ್ಲ.

ಕೊನೆಗೆ ಡಾಬಕಾ ಹಳ್ಳಿಯ ಶೇವಂತಾಬಾಯಿ, ಸೊಂಟದ ಮೇಲೆ ಮೊಮ್ಮಗಳು. ಈ ಮಳೆಗಾಲದಲ್ಲೇ ಮೂರನೇ ಸಲ. ಕೂಸಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಹಾಗೆಯೇ ನಿಲ್ಲುತ್ತದೆ.

"ನೀರು ಎಲ್ಲೀದು ಕುಡಸ್ತಿ?"

"ಹಳ್ಳದ ವರತೀದರಿ." ಹಳ್ಳದ ಮರಳಿನಲ್ಲಿ ತೋಡಿದ ಗುಂಡಿ. ದನವೂ ಅಲ್ಲೇ, ಬಟ್ಟೆಯೂ ಅಲ್ಲೇ.

"ಊರಾಗ ಬಾವಿ ಇಲ್ಲೇನು?"

"ಅದರಿ... ನಮಗ ಇಲ್ರಿ."

ಸಿಟ್ಟು ನೆತ್ತಿಗೇರಿತು. "ಸರಕಾರ ಕಟ್ಟಿಸಿದ ಬಾವಿ, ಯಾರಪ್ಪನ ಗಂಟೂ ಅಲ್ಲ. ನಾಳಿಂದ ಅದರ ನೀರು ಸೇದು. ಕಾಯ್ಸು, ಆರ್ಸು, ಕುಡ್ಸು. ಇದೇ ನಿನ್ನ ಕೂಸಿನ ದವಾ. ತಿಳೀತ?"

ಅವಳು ನನ್ನ ಮುಖವನ್ನೇ ನೋಡಿದಳು. ಗಂಡ ಏಕನಾಥ ಹೋದ ವಾರ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತಗೊಂಡು ಬಂದಿದ್ದಾನಂತೆ. "ಅವರೂ ಇದನ್ನೇ ಅಂತಾರರಿ" ಅಂದಳು.

1 ನವೆಂಬರ್, ಗುರುವಾರ. ಬೀದರ

ಮೈಲೂರದಲ್ಲಿ ಚಿಕ್ಕಮ್ಮನ ಮನೆ. ನಾಳೆ ದೀಪಾವಳಿ. ಬೆಳಗಿನಿಂದ ಭಾಷಣ, ಪೇಢೆ, ಬಾವುಟ. ನಿನ್ನೆ ಹೈದರಾಬಾದ ರಾಜ್ಯ, ಇವತ್ತು ಮೈಸೂರು ರಾಜ್ಯ. ಉದಗೀರ ಮುಂಬಯಿ ಕಡೆ ಹೋಯಿತು, ಜಹೀರಾಬಾದ ಆಂಧ್ರದ ಕಡೆ.

"ನಾ ಎಲ್ಲೂ ಹೋಗಿಲ್ಲ. ಇದೇ ಮನಿ, ಇದೇ ಹಾಸಗಿ. ನನ್ನ ಹ್ಯಾಂಗ ಒಯ್ದರಿವರು ಮೈಸೂರಿಗೆ?" ಅಂತ ಚಿಕ್ಕಮ್ಮ.

ನಕ್ಕು ನಕ್ಕು ಸಾಕಾಯಿತು. ಆದರೆ ಮೆರವಣಿಗೆಯ ಮುಂದೆ ಕನ್ನಡದ ಫಲಕ ಕಂಡಾಗ ನಗು ಬಿಟ್ಟು ಅಕ್ಷರ ಅಕ್ಷರ ಓದಿದೆ. ಸಾಲಿಯಲ್ಲಿ ನಾನು ಕಲಿತದ್ದು ಉರ್ದು. ಕನ್ನಡ ಓದಲು ಕಲಿಸಿದ್ದು ಭಾಲ್ಕಿಯ ಮನೆಯಲ್ಲಿ ಅಪ್ಪ. ಇದ್ದಿದ್ದರೆ ಇವತ್ತು ಕುಣಿಯುತ್ತಿದ್ದರು.

18 ನವೆಂಬರ್, ಆದಿತ್ಯವಾರ. ಔರಾದ

ಸಿಕ್ಕಿತು! ಕುತುಬೋದ್ದೀನನ ಹೊಟ್ಟೆ ಸಿಕ್ಕಿತು!

ಬಜಾರದಲ್ಲಿ ನಿಂತು ಮಿರ್ಚಿ ಭಜಿ ತಿನ್ನುತ್ತಿದ್ದ. ಒಂದರ ಮೇಲೊಂದು. ಹತ್ತಿರ ಹೋಗಿ ಕೇಳಿದೆ.

"ಇವತ್ತ ಹೊಟ್ಟಿ ಹ್ಯಾಂಗದ?"

"ಇವತ್ತ ಏನೂ ಇಲ್ರಿ ಬಾಯಿಸಾಬ. ರಜಾ ಅದಲ್ಲ."

ರಜಾ ಅದಲ್ಲ! ಆ ಮಾತು ಆಡಿದವನಿಗೇ ಗೊತ್ತಾಗಲಿಲ್ಲ ಏನು ಅಂದೆ ಅಂತ. ಕೆದಕುತ್ತ ಹೋದೆ. ಸೋಮವಾರ ಶುರು, ಶನಿವಾರದ ತನಕ. ಇನ್ನು ಮೇಲೆ ಕಚೇರಿ ಬರವಣಿಗೆಯೆಲ್ಲ ಕನ್ನಡದಲ್ಲಿ ಅನ್ನುವ ಸುದ್ದಿ ಬಂದಾಗಿನಿಂದ ಇದು. ಅವನಿಗೆ ಬರುವುದು ಉರ್ದು ಒಂದೇ. ನೌಕರಿ ಹೋದರೆ ಗತಿ ಏನು ಅನ್ನುವ ಹೆದರಿಕೆ ದಿನಾ ಬೆಳಗ್ಗೆ ಅವನಿಗಿಂತ ಮೊದಲು ಏಳುತ್ತದೆ. ಕೆಟ್ಟದ್ದು ತಿಂದೇ ಹೊಟ್ಟೆ ಕೆಡಬೇಕೆಂದಿಲ್ಲ ಅಂತ ಹೈದರಾಬಾದದಲ್ಲಿ ಪ್ರೊಫೆಸರ್ ಹೇಳಿದ್ದರು. ಇವತ್ತು ಕಣ್ಣಾರೆ ಕಂಡೆ.

"ಗೋಲಿ ಬ್ಯಾಡ. ಒಂದು ಅಂಕಲಿಪಿ ತಗೊ, ಕನ್ನಡ ಅಕ್ಷರ ತಿದ್ದು" ಅಂದೆ.

"ದಿನಾ ಎಷ್ಟು ಸಲರಿ?"

"ಎರಡು ಸಲ. ಊಟ ಆದಮ್ಯಾಲ."

ಪಾಪ, ತಲೆಯಾಡಿಸಿಕೊಂಡು ಹೋದ.

ಗಫೂರ ಸಾಹೇಬರ ಮುಖ ಮಾತ್ರ ಗಡಿಗೆಯಷ್ಟಾಗಿದೆ. ಪ್ರತಿ ದೀಪಾವಳಿಗೆ ಉದಗೀರದಿಂದ ಬಂದು ತಾಮ್ರದ ಪಾತ್ರೆಗಳ ಒಳಗೆ ತವರ ಬಳಿಯುವ ಕಲಾಯಿಯವನು ಈ ಸಲ ಬಂದಿಲ್ಲ. ಹೊಸ ಗಡಿಯಲ್ಲಿ ನಾಕಾ ಹಾಕಿದ್ದಾರೆ, ಬೆಂಕಿ ಊದುವ ತಿದಿ ಕಸಿದುಕೊಳ್ಳುತ್ತಾರೆ ಅಂತ ಯಾರೋ ಹೆದರಿಸಿದ್ದಾರಂತೆ. ಸುತ್ತ ಹಳ್ಳಿಗೆಲ್ಲ ಅವನೊಬ್ಬನೇ. ಅವರ ಮನೆಯವರು ಖತೀಜಾ ಬೇಗಂ ತಾಮ್ರದ ದೇಗಚಿಗಳನ್ನೆಲ್ಲ ಅಟ್ಟಕ್ಕೇರಿಸಿದ್ದಾರೆ. ಹೀಗಾಗಿ ಸಾಹೇಬರಿಗೆ ಹುಣಸೆಹುಳಿಯ ಖಟ್ಟಾ ಸಾರು ಇಲ್ಲ. ರಾಜ್ಯ ಒಡೆದದ್ದು ಅವರಿಗೆ ತಿಳಿದದ್ದೇ ಊಟದ ತಟ್ಟೆಯಲ್ಲಿ.

10 ಡಿಸೆಂಬರ್, ಸೋಮವಾರ. ಔರಾದ

ಶೇವಂತಾಬಾಯಿ ಬಂದಿದ್ದಳು. ಕೂಸು ಕೆಳಗಿಳಿದು ನನ್ನ ಮೇಜಿನ ಕಾಲು ಹಿಡಿದು ನಿಂತಿತು! ಗಲ್ಲ ತುಂಬಿದೆ. ಆವತ್ತಿನಿಂದ ಒಂದು ಸಲವೂ ಹೊಟ್ಟೆ ಕೆಟ್ಟಿಲ್ಲ. ಏಕನಾಥ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬಾವಿಯಲ್ಲಿ ಸೇದುತ್ತಾನೆ. ಊರವರು ಗೊಣಗುತ್ತಾರೆ, ಕೈ ಮಾಡಿಲ್ಲ.

ಅವಳ ಕಣ್ಣು ಮಾತ್ರ ಊದಿದ್ದವು. ಗುರುವಾರ ದಿಲ್ಲಿಯಲ್ಲಿ ಬಾಬಾಸಾಹೇಬರು ಹೋದರಲ್ಲ. ಅವರ ಓಣಿಯಲ್ಲಿ ಯಾರೂ ಒಲೆ ಹಚ್ಚಿಲ್ಲವಂತೆ.

"ಇನ್ನ ಬಾವಿ ಬಿಡಂಗಿಲ್ರಿ ಡಾಕ್ಟರಬಾಯಿ" ಅಂದಳು.

"ಬಿಡಬ್ಯಾಡ" ಅಂದೆ. ಸಲೀಸಾಗಿ ಅಂದೆ.

31 ಡಿಸೆಂಬರ್, ಸೋಮವಾರ. ಡಾಬಕಾ, ಸಂಜೆ

ಎರಡು ಸಾಲು ಬರೆಯಲು ಪುರುಸೊತ್ತು ಸಿಕ್ಕಿತು. ಪಾಟೀಲ ಬಸವಣ್ಣೆಪ್ಪನವರ ಹೊಲ. ಎಳ್ಳಮಾವಾಸ್ಯೆ ಊಟಕ್ಕೆ ಬಂದವರಲ್ಲಿ ಅರ್ಧ ಜನ ಗಿಡದ ನೆರಳಲ್ಲಿ ಬಿದ್ದಿದ್ದಾರೆ. ವಾಂತಿ, ಭೇದಿ. ಮಧ್ಯಾಹ್ನ ಗಾಡಿ ಕಳಿಸಿದ್ದರು. ದಾರಿಯುದ್ದಕ್ಕೂ ಗಫೂರ ಸಾಹೇಬರು "ಹೈಜಾ, ಹೈಜಾ" ಅಂತ ಜಪ. ಕಾಲರಾ ಅಂದರೆ ಅವರಿಗೆ ಜೀವ ಹಾರುತ್ತದೆ. ನನಗೂ ಹಾರಿತ್ತು, ಹೇಳಲಿಲ್ಲ.

ಪಾಟೀಲರ ತಾಯಿ ಸುಂದರಬಾಯಿ ಎಲ್ಲರಿಗಿಂತ ಸೋತಿದ್ದಾರೆ. ಸಲೈನ್ ಹಚ್ಚಿದ್ದೇನೆ. ಭಾಲ್ಕಿಯಿಂದ ಬಂದ ಬೀಗರು ಶಿವರಾಜಪ್ಪನವರು, ಮಗಳನ್ನು ಕೊಟ್ಟ ಮೇಲೆ ಮೊದಲ ಸಲ ಈ ಹೊಲಕ್ಕೆ ಬಂದವರು, ಹೊಟ್ಟೆ ಹಿಡಿದು ಮುದುಡಿದ್ದಾರೆ.

ಬಾವಿಯ ಸುತ್ತ ಜಾಲಿ ಮುಳ್ಳು ಹಾಕಿದ್ದಾರೆ. ಏಕನಾಥನ ಹಗ್ಗ ಕೊಯ್ದು ಬಿಸಾಡಿದ್ದಾರೆ. "ಅವರು ಮುಟ್ಟಿದ್ದಕ್ಕ ನೀರು ಕೆಟ್ಟದರಿ" ಅನ್ನುತ್ತಿದೆ ಊರು. ಬರುವ ಆದಿತ್ಯವಾರ ಪಂಚಾಯ್ತಿ ಸೇರಿಸಿ ಬಾವಿಯ ತೀರ್ಮಾನವಂತೆ. ಶೇವಂತಾಬಾಯಿ ಕೂಸನ್ನೆತ್ತಿಕೊಂಡು ದೂರ ನಿಂತಿದ್ದಳು. ನನ್ನನ್ನು ಏನೂ ಕೇಳಲಿಲ್ಲ. ಸೇದು ಅಂದವಳು ನಾನಲ್ಲವೇ.

1 ಜನವರಿ 1957, ಮಂಗಳವಾರ. ಡಾಬಕಾ

ಎಲ್ಲರೂ ಬದುಕಿದ್ದಾರೆ. ಇದೇ ಮೊದಲ ಸುಳಿವು. ಕಾಲರಾ ಆಗಿದ್ದರೆ ಬೆಳಗಾಗುವುದರೊಳಗೆ ಕಣ್ಣು ಗುಳಿ ಬಿದ್ದು, ಅಕ್ಕಿ ತೊಳೆದ ನೀರು ಹೋಗಿ ಹೋಗಿ, ಕೈಬೆರಳು ಸುಕ್ಕಾಗಿರಬೇಕಿತ್ತು. ಇವರು ಗಂಜಿ ಕೇಳುತ್ತಿದ್ದಾರೆ!

ಒಬ್ಬೊಬ್ಬರನ್ನೇ ಹಿಡಿದು ಕೂತೆ. ಯಾವಾಗಿನಿಂದ? ಉಣ್ಣುತ್ತಾ ಕೂತಲ್ಲೇ, ಕೈ ತೊಳೆಯುವುದರೊಳಗೆ. ಇಷ್ಟು ಬೇಗ ಯಾವ ನೀರೂ ಕೆಡಿಸುವುದಿಲ್ಲ. ಎಂಥದು? ಮೊದಲು ವಾಂತಿ, ಆಮೇಲೆ ಭೇದಿ. ಜ್ವರ ಯಾರಿಗೂ ಇಲ್ಲ. ವಾಂತಿಯ ಬಣ್ಣ ಹಸಿರು ಹಸಿರು, ಮೈಲುತುತ್ತ ಕದಡಿದ ಹಾಗೆ. ಏನು ತಿಂದಿರಿ? ರೊಟ್ಟಿ, ಸೊಪ್ಪು ಕಾಳಿನ ಭಜ್ಜಿ, ಹುಳಿ ಮಜ್ಜಿಗೆಯ ಅಂಬಲಿ. ಹೊಲದ ಕೂಲಿಯವರು ಅದೇ ಬಾವಿಯ ನೀರು ಕುಡಿದು ಗಟ್ಟಿಯಾಗಿದ್ದಾರೆ. ಅವರು ಕೂರುವಷ್ಟರಲ್ಲಿ ಅಂಬಲಿ ಮುಗಿದಿತ್ತು. ಸುಂದರಬಾಯಿಗೆ ಹಲ್ಲಿಲ್ಲ. ರೊಟ್ಟಿ ಮುಟ್ಟಲಿಲ್ಲ, ಬರೀ ಅಂಬಲಿ ಕುಡಿದಿದ್ದರು.

"ಬಾಯಾಗ ತಾಮ್ರದ ದುಡ್ಡು ಇಟ್ಕೊಂಡಂಗ ಆಗಿತ್ತವ್ವಾ" ಅಂದರು.

ನನ್ನ ಕಿವಿ ನೆಟ್ಟಗಾಯಿತು. ಪಾಟೀಲರ ಮನೆಗೆ ಹೋದೆ.

"ಅಂಬಲಿ ಯಾತರಾಗ ಇಟ್ಟಿದ್ರಿ?"

"ಹೊಸಾ ಗಡಿಗ್ಯಾಗರಿ. ವರ್ಷಾ ಇಡೋ ಹಂಗ" ಅಂದರು ಪಾಟೀಲರು.

ಹೌದು, ನಮ್ಮ ಕಡೆ ಎಳ್ಳಮಾವಾಸ್ಯೆ ಅಂಬಲಿ ಹೊಸ ಮಣ್ಣಿನ ಗಡಿಗೆಯಲ್ಲೇ. ಸುಣ್ಣದ ಗೆರೆ ಎಳೆದ ಗಡಿಗೆ ಮೂಲೆಯಲ್ಲಿತ್ತು. ಕೈ ಹಾಕಿದೆ. ಒಣ ಒಣ. ಹಸಿ ಮಣ್ಣಿನ ವಾಸನೆ. ಹುಳಿಯ ಸುಳಿವೇ ಇಲ್ಲ. ಬಾಗಿಲ ಹಿಂದೆ ನಿಂತಿದ್ದ ಸೊಸೆ ಶಿವಕಾಂತಾಳ ಮುಖ ಬಿಳುಚಿತು. ಅವಳ ಬೆನ್ನ ಹಿಂದೆ ಗೋಣಿಚೀಲ ಮುಚ್ಚಿದ್ದು ಏನು ಅಂತ ಎತ್ತಿ ನೋಡಿದೆ. ತಾಮ್ರದ ಹಂಡೆ! ಹೊರಗೆ ಫಳಫಳ, ಮೇಲೆ ಕೆತ್ತಿದ ಹೆಸರು ಶಿವರಾಜಪ್ಪ, ಭಾಲ್ಕಿ. ಒಳಗೆ ಕಲಾಯಿ ಪೂರ್ತಿ ಹೋಗಿ ಕೆಂಪು ತಾಮ್ರ ಕಾಣುತ್ತಿದೆ. ಕುತ್ತಿಗೆಯಲ್ಲಿ ಹಸಿರು ಕಿಲುಬು. ರಾತ್ರಿಯಿಡೀ ಹುಳಿ ಅಂಬಲಿ ಇದರಲ್ಲಿ!

ಪಾಟೀಲರು ನನ್ನನ್ನು ಹಿತ್ತಲಿಗೆ ಕರೆದರು. ದನಿ ತಗ್ಗಿಸಿ, "ಬೀಗರು ಮೊದಲ ಸಲ ಬರ್ತಾರ, ಅವರು ಕೊಟ್ಟ ಹಂಡಿ ಅವರ ಕಣ್ಣಿಗಿ ಬೀಳ್ಲಿ ಅಂತ ಇಳಿಸಿದ್ವಿ. ಈಗ ನಿಮ್ಮ ಹಂಡಿ ಅಂಬಲಿನೇ ವಿಷ ಆಯ್ತು ಅಂದ್ರ ಅವರು ಮಾರಿ ಎಲ್ಲಿ ಇಡಬೇಕರಿ? ಆ ಹುಡುಗಿ ಬಾಳು ಏನಾಗಬೇಕು?" ಅಂದರು.

"ಮತ್ತ ಶೇವಂತಾಬಾಯಿ ಬಾಳು?"

"ಅವರಿಗಿ ಹಳ್ಳ ಅದಲ್ಲರಿ."

ಎಷ್ಟು ಸಮಾಧಾನವಾಗಿ ಅಂದರು! ನೆಟ್ಟಗೆ ಬಾವಿಗೆ ಹೋದೆ. ಮುಳ್ಳು ಸರಿಸಿ, ಶೇವಂತಾಬಾಯಿಯನ್ನು ಕೂಗಿ, ಅವಳ ಕೈಯಿಂದಲೇ ಸೇದಿಸಿ, ಅವಳ ತಂಬಿಗೆಯಿಂದಲೇ ಊರ ಮುಂದೆ ಗಟಗಟ ಕುಡಿದೆ. "ಆದಿತ್ಯವಾರ ಪಂಚಾಯ್ತಿ ಅಂದ್ರಲ್ಲ? ಆವತ್ತ ಬರ್ತೇನಿ. ನನ್ನ ಹೊಟ್ಟಿ ನೋಡಿ ಹೇಳ್ರಿ ನೀರು ಕೆಟ್ಟದೋ ಇಲ್ಲೋ!"

ಗಾಡಿ ಹತ್ತಿದ ಮೇಲೆ ಹೊಳೆಯಿತು. ಕಂಡವರಿಗೆಲ್ಲ ಕಾಯಿಸಿ ಕುಡಿ ಅನ್ನುವವಳು ಹಸಿ ನೀರು ಕುಡಿದೆ. ನಾನು ಬೆನ್ನು ತಿರುಗಿಸಿದ್ದೇ ತಡ, ಮುಳ್ಳು ಮತ್ತೆ ಎಳೆದರು.

2 ಜನವರಿ, ಬುಧವಾರ. ಔರಾದ

ಸುಂದರಬಾಯಿಯ ಬಟ್ಟಲಲ್ಲಿ ಉಳಿದ ಅಂಬಲಿಯನ್ನು ಬಾಟಲಿಗೆ ಬಗ್ಗಿಸಿಕೊಂಡು ಬಂದಿದ್ದೆ. ಎರಡು ಹನಿ ಆಸಿಡ್ ಹಾಕಿ, ಉಜ್ಜಿ ತೊಳೆದ ಕಬ್ಬಿಣದ ಮೊಳೆ ಇಳಿಬಿಟ್ಟೆ. ಊಟ ಮಾಡಿ ಬಂದು ನೋಡಿದರೆ ಮೊಳೆಗೆ ಕೆಂಪು ತಾಮ್ರದ ಅಂಗಿ! ಕುಣಿಯುವಷ್ಟು ಖುಷಿ.

"ಯಾ ಅಲ್ಲಾಹ್, ಲೋಹಾ ತಾಮ್ರ ಆಯ್ತು! ಬಂಗಾರ ಮಾಡಲಾಕೂ ಬರ್ತದೇನ್ರಿ?" ಅಂದರು ಗಫೂರ ಸಾಹೇಬರು.

3 ಜನವರಿ, ಗುರುವಾರ. ಭಾಲ್ಕಿ

ಬೀದರದ ತನಕ ಬಸ್ಸು, ಆಮೇಲೆ ರೈಲು. ಶಿವರಾಜಪ್ಪನವರ ಮನೆಗೇ ಹೋದೆ. ಚೇತರಿಸಿಕೊಂಡಿದ್ದಾರೆ. ಅಪ್ಪನನ್ನು ಬಲ್ಲವರು, ಚಹಾ ಕೊಟ್ಟರು. ಹಂಡೆಯ ಮಾತು ತೆಗೆದೊಡನೆ ಲೋಟ ಕೆಳಗಿಟ್ಟರು.

"ಕಲಾಯಿ ಮಾಡಿಸೇ ಕೊಟ್ಟೇನಿ ತಾಯಿ."

"ಕಲಾಯಿ ಸವೀತದ ಕಾಕಾ. ಈ ವರ್ಷ ಕಲಾಯಿಯವ ಬಂದಿಲ್ಲ. ತಪ್ಪು ಯಾರದೂ ಅಲ್ಲ."

"ಅದು ನಿನಗ ತಿಳೀತದ, ನನಗ ತಿಳೀತದ. ಆ ಊರಾಗ ನನ್ನ ಮಗಳಿಗಿ ಸಾಯೋತನಕ ವಿಷದ ಹಂಡಿ ತಂದಾಕಿ ಅಂತಾರ."

ಅವರ ಹೆದರಿಕೆ ಸುಳ್ಳಲ್ಲ. ಆದಿತ್ಯವಾರ ಬರ್ರಿ ಅಂತಷ್ಟೇ ಹೇಳಿ ಎದ್ದೆ.

5 ಜನವರಿ, ಶನಿವಾರ. ಔರಾದ, ಬೆಳಗ್ಗೆ

ಅಯ್ಯೋ ದೇವರೇ. ನನಗೇ ಶುರುವಾಯಿತು.

ನೀರಿನ ಹಾಗೆ. ಎದ್ದಾಗಿನಿಂದ ಇದೇ. ಜ್ವರ ನೋಡಿಕೊಂಡೆ, ಇಲ್ಲ. ರಕ್ತ ಇಲ್ಲ, ಲೋಳೆ ಇಲ್ಲ. ಭಾಲ್ಕಿಯಲ್ಲಿ ಚಹಾ ಬಿಟ್ಟರೆ ಹೊರಗಿನದು ಏನೂ ಮುಟ್ಟಿಲ್ಲ. ಉಳಿದದ್ದು ಬಾವಿಯ ನೀರು. ನಾಲ್ಕು ದಿನದ ಮೇಲೆ? ಆಗಬಹುದು. ಪುಸ್ತಕದಲ್ಲಿ ಹಾಗೇ ಇದೆ.

ನೀರಿನಿಂದಲೇ ಆಗಿದ್ದರೆ? ಡಾಬಕಾಕ್ಕೆ ಹೋಗಿ ಬಾವಿ ಶುದ್ಧ ಅಂತ ಯಾವ ಬಾಯಿಂದ ಹೇಳಲಿ? ಹೇಳದಿದ್ದರೆ ಆ ಕೂಸು ಮತ್ತೆ ವರತಿಗೆ. ಬೇಸಿಗೆ ದಾಟುವುದಿಲ್ಲ ಅದು.

ಅದೇ ದಿನ, ಮಧ್ಯಾಹ್ನ

ಕುತುಬೋದ್ದೀನ ಬಂದಿದ್ದ. ಕನ್ನಡದಲ್ಲಿ ತನ್ನ ಹೆಸರು ಬರೆದು ತೋರಿಸಲು. 'ದ್ದೀ' ಸ್ವಲ್ಪ ವಾಲಿತ್ತು, ಆದರೂ ಚೆಂದ. ಅವನ ಹೊಟ್ಟೆ ಈಗ ಗಟ್ಟಿ. ನಾನು ನಡುವೆ ಎದ್ದೆದ್ದು ಹೋಗುವುದನ್ನು ನೋಡಿದ.

"ಬಾಯಿಸಾಬ, ನಾಳಿ ಏನರ ಅದ ಏನ್ರಿ?"

"ಪಂಚಾಯ್ತಿ ಅದ."

"ಅಂಕಲಿಪಿ ತಗೋರಿ ಹಂಗಾದ್ರ" ಅಂದು ಕಿಸಕ್ಕನೆ ನಕ್ಕ. ಗಫೂರ ಸಾಹೇಬರು ಬಾಟಲಿ ಹಿಡಿದುಕೊಂಡೇ ಬಗ್ಗಿ ನಕ್ಕರು. ನಗಲಿ ಕಳ್ಳರು.

ಆದರೆ ಇದ್ದರೂ ಇರಬಹುದಲ್ಲ? ಸಿಟ್ಟಿನಲ್ಲಿ ಊರ ಮುಂದೆ ಮಾತು ಕೊಟ್ಟವಳು ನಾನು, ಹೆದರಿಕೆ ಇಲ್ಲದೆ ಇರುತ್ತದೆಯೇ. ಇನ್ನೊಂದು. ಕೂಸು ತಿಂಗಳುಗಟ್ಟಲೆ ಅದೇ ನೀರು ಕುಡಿದು ಚೆನ್ನಾಗಿದೆ... ಆದರೆ ಕಾಯಿಸಿದ ನೀರು. ಛೇ! ಹೆದರಿಕೆಯೋ, ನೀರೋ? ಬೇರೆಯವರ ಹೊಟ್ಟೆ ಎಷ್ಟು ಸುಲಭ.

6 ಜನವರಿ, ಆದಿತ್ಯವಾರ. ಔರಾದ, ಸಂಜೆ

ಹೋಗಿ ಬಂದೆ. ಹೋಗುವಾಗ ಎರಡು ಸಲ ಗಾಡಿ ನಿಲ್ಲಿಸಿದೆ. ಜೋಳ ಆಳೆತ್ತರ ಇದೆ, ಪುಣ್ಯ.

ಬಾವಿಯ ಹತ್ತಿರದ ಕಟ್ಟೆಯ ಮೇಲೆ ಊರು ಸೇರಿತ್ತು. ಪಾಟೀಲರ ಪಕ್ಕ ಶಿವರಾಜಪ್ಪನವರು. ಆ ಕಡೆ ಏಕನಾಥ, ಶೇವಂತಾಬಾಯಿ, ಅವರ ಓಣಿಯವರು. ಎಲ್ಲ ಬಿಡಿಸಿ ಹೇಳಿದೆ. ಕಾಲರಾ ಹೇಗಿರುತ್ತದೆ, ಇದು ಹೇಗಿತ್ತು, ಕೂಲಿಯವರು ಯಾಕೆ ಉಳಿದರು. ಮೊಳೆ ಕೈಯಿಂದ ಕೈಗೆ ಹೋಯಿತು. ಪಾಟೀಲರು ತಿರುಗಿಸಿ ತಿರುಗಿಸಿ ನೋಡಿ ಮರಳಿ ಕೊಟ್ಟರು.

"ಜಂಗ ಹತ್ತ್ಯಾದರಿ" ಅಂದರು. ತುಕ್ಕಂತೆ! ನನ್ನ ಮೊಳೆ!

ಆಗ ಹಿಂದಿನಿಂದ ಯಾರೋ ಕೇಳಿದರು. "ಡಾಕ್ಟರಬಾಯಿ ಮಾರಿ ಇಳದದ. ನಿಮ್ಮ ಹೊಟ್ಟಿ ಹ್ಯಾಂಗದರಿ?"

ಊರಿಗೆಲ್ಲ ಕೇಳುವ ಪ್ರಶ್ನೆ ನನಗೇ ಬಂತು. ಚೆನ್ನಾಗಿದೆ ಅಂದುಬಿಡಬಹುದಿತ್ತು. ಶೇವಂತಾಬಾಯಿ ನನ್ನನ್ನೇ ನೋಡುತ್ತಿದ್ದಳು. ಸುಳ್ಳು ನಾಲಿಗೆಗೆ ಬರಲಿಲ್ಲ.

"ನಿನ್ನಿಯಿಂದ ಹರಿಲಾಕತ್ತದ" ಅಂದೆ.

ಗುಲ್ಲೋ ಗುಲ್ಲು. ಹೆದರಿಕೆಗೂ ಹೊಟ್ಟೆ ಕೆಡುತ್ತದೆ ಅಂತ ಕೂಗಿ ಹೇಳಿದೆ. ನಕ್ಕರು. ಏಕನಾಥ ತಲೆ ತಗ್ಗಿಸಿದ. ನಾನೇ ಕೆಡಿಸಿದೆ ಅಂತ ಎದೆ ಒಡೆದುಹೋಯಿತು. ಪಾಟೀಲರು ತೀರ್ಮಾನ ಹೇಳಲು ಕೈ ಎತ್ತಿದರು.

ಕೈ ಎತ್ತಿದ್ದು ಹಾಗೇ ನಿಂತಿತು. ಶಿವಕಾಂತಾ ಬರುತ್ತಿದ್ದಳು. ತಲೆ ತುಂಬ ಸೆರಗು, ಸೊಂಟದ ಮೇಲೆ ಆ ಹಂಡೆ. ಗಂಡಸರ ನಡುವೆಯೇ ಬಂದು ಕಟ್ಟೆಯ ಮೇಲೆ ಢಣ್ ಅಂತ ಇಟ್ಟಳು.

"ಅಂಬಲಿ ಇದರಾಗ ಇಟ್ಟಾಕಿ ನಾ. ಯಾರಿಗೂ ಕೇಳಲಿಲ್ಲ. ನಮ್ಮಪ್ಪ ಕೊಟ್ಟಿದ್ದು ಎಲ್ಲಾರೂ ನೋಡ್ಲಿ ಅಂತ ಆಸಿ ಆಯ್ತು. ಕಲಾಯಿ ಹೋಗಿದ್ದು ಕಂಡಿತ್ತು. ಒಂದ ರಾತ್ರಿಗಿ ಏನಾಗ್ತದ ಅಂದ್ಕೊಂಡೆ. ಬಾವೀದೇನೂ ತಪ್ಪಿಲ್ರಿ."

ದನಿ ನಡುಗಿತು, ನಿಲ್ಲಲಿಲ್ಲ. ಶಿವರಾಜಪ್ಪನವರು ತಲೆಯ ಪಟಗದ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಕೋಲಿನ ಸದ್ದು. ಸುಂದರಬಾಯಿ! ಇನ್ನೂ ನೆಟ್ಟಗೆ ನಿಲ್ಲಲಾರರು.

"ಸುಳ್ಳು ಹೇಳ್ತದ ಹುಚ್ಚ ಹುಡುಗಿ. ಹಂಡಿ ಇಳಸು ಅಂದಾಕಿ ನಾ. ಬೀಗರ ಹೆಸರು ಬೀಗರೇ ಓದ್ಲಿ ಅಂದೆ. ಇನ್ನ ಯಾರರ ಈಕಿಗಿ ಒಂದು ಮಾತು ಅಂದ್ರ ನನ್ನ ಕೋಲು ಅದ." ಆಮೇಲೆ ಮಗನ ಕಡೆ ತಿರುಗಿದರು. "ಬಸಣ್ಣಾ, ಮುಳ್ಳು ಯಾರು ಹಾಕ್ಯಾರ? ತಗಿ."

ಪಾಟೀಲರು ಕೂತೇ ಇದ್ದರು. ಮುದುಕಿ ತಾವೇ ಕೋಲಿನಿಂದ ಎಳೆಯಲು ಹೋಗಿ ಮುಗ್ಗರಿಸಿದಾಗ ಎದ್ದರು. ಅವರೇ ಎಳೆದು ಬಿಸಾಡಿದರು. ಕೈಯಲ್ಲಿ ರಕ್ತ ಬಂತು, ಟಿಂಚರ್ ಹಚ್ಚಿದೆ.

ಶೇವಂತಾಬಾಯಿ ಹೊಸ ಹಗ್ಗ ಇಳಿಬಿಟ್ಟು ಸೇದಿದಳು. ನಾನೊಂದು ತಂಬಿಗೆ ಕುಡಿದೆ. ಮತ್ತೆ ಹಸಿ ನೀರೇ! ಪಂಚಾಯ್ತಿಯ ಹೆದರಿಕೆ ಮುಗಿಯಿತು, ಇನ್ನು ಹೊಟ್ಟೆ ಏನನ್ನುತ್ತದೋ ನೋಡೋಣ ಅಂತ. ಶೇವಂತಾಬಾಯಿ ಹಗ್ಗ ಸುತ್ತಿಡಲು ಹೋದಳು. "ಇರ್ಲಿ ಬಿಡು" ಅಂದಳು ಶಿವಕಾಂತಾ. ಅದೇ ಹಗ್ಗಕ್ಕೆ ತನ್ನ ಕೊಡ ಕಟ್ಟಿ, ತಾನೂ ಸೇದಿ, ತಲೆಯ ಮೇಲೆ ಹೊತ್ತು ಅತ್ತೆಮನೆಯ ಕಡೆ ಹೋದಳು. ಕೆಲವು ಹೆಂಗಸರು ಕೊಡ ಹಿಡಿದು ದೂರವೇ ನಿಂತಿದ್ದರು. ನಿಲ್ಲಲಿ. ಬಾಯಾರಿಕೆ ಆದಾಗ ಬರುತ್ತಾರೆ.

ಹಂಡೆ ಇಳಿಸಿದ್ದು ಅಜ್ಜಿಯೋ, ಸೊಸೆಯೋ? ಯಾರ ಮಾತು ನಿಜ? ಕೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. ಕೇಳಲಿಲ್ಲ. ಜೀವನದಲ್ಲಿ ಮೊದಲ ಸಲ.

ಬರುವಾಗ ಗಾಡಿ ಎಲ್ಲೂ ನಿಲ್ಲಿಸಲಿಲ್ಲ. ಈಗ ಸಂಜೆಯಾಯಿತು, ರೊಟ್ಟಿ ಉಂಡೆ, ಹೊಟ್ಟೆ ತೆಪ್ಪಗಿದೆ. ಅಂದರೆ ಅದು ನೀರಲ್ಲ. ಅದು...

ದವಾಖಾನೆ ಬಾಗಿಲಲ್ಲಿ ಯಾರೋ ಬಂದರು. ಹೊಟ್ಟಿ ಹರಿಲಾಕತ್ತದರಿ ಅನ್ನುತ್ತಿದ್ದಾರೆ. ಗಫೂರ ಸಾಹೇಬರ ಬಾಟಲಿ ಆಗಲೇ ಕುಲುಕುತ್ತಿದೆ. ತಡೀರಿ, ತಡೀರಿ! ಮೊದಲು ಕೇಳಬೇಕು, ಯಾವಾಗಿ...